ಎರಡು ಗಂಟೆಯಲ್ಲಿ ‘ಕಲಿತೆ’ ಅನ್ನಬೇಡಿ ಸ್ವಾಮಿ!

ಈಗ ಎಲ್ಲಿ ನೋಡಿದರೂ ಇದೇ. ರಜೆ ಮುಗಿಸಿ ಊರಿಂದ ಮುಂಬಯಿಗೆ ವಾಪಸ್ ಬಂದವರ ಫೋನಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಎದುರಿಗೆ ಲೇತ್ ತಿರುಗುತ್ತಿದೆ, ಕೈಯಲ್ಲಿ ಕೆಂಪು ಅರಗಿನ ಕಡ್ಡಿ, ಮುಖದ ತುಂಬ ನಗು. ಪಕ್ಕದಲ್ಲಿ ನಿಂತ ಕೆಲಸಗಾರನ ಮುಖ ಅರ್ಧಕ್ಕೆ ಕತ್ತರಿಸಿಹೋಗಿದೆ. ಕೆಳಗೆ ಬರಹ: “ಚನ್ನಪಟ್ಟಣದ ಅರಗಿನ ಕಲೆ ಕಲಿತೆ!”

ಎಷ್ಟು ಹೊತ್ತು ಕಲಿತಿರಿ ಅಂತ ಕೇಳಿ ನೋಡಿ. ಎರಡು ಗಂಟೆ. ಅದರಲ್ಲೂ ಮಧ್ಯೆ ಕಾಫಿ, ತಟ್ಟೆ ಇಡ್ಲಿ. ಕೊನೆಗೆ ಒಂದು ಸರ್ಟಿಫಿಕೇಟು ಬೇರೆ!

ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಪ್ರವಾಸ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ನೋಡಿದೆ ಅನ್ನಿ, ಮುಟ್ಟಿದೆ ಅನ್ನಿ, ಖುಷಿಯಾಯಿತು ಅನ್ನಿ. ಆದರೆ ‘ಕಲಿತೆ’ ಅನ್ನಬೇಡಿ. ಒಗ್ಗರಣೆಗೆ ಸಾಸಿವೆ ಹಾಕಿದ ಅಳಿಯ “ಅಡುಗೆ ಕಲಿತೆ” ಅಂದರೆ ಅತ್ತೆ ಏನಂತಾರೆ? ನಕ್ಕು ಸುಮ್ಮನಾಗುತ್ತಾರೆ. ಇಲ್ಲಿ ನಕ್ಕು ಸುಮ್ಮನಾಗುವ ಹಾಗಿಲ್ಲ, ಯಾಕೆಂದರೆ ಈ ಒಂದು ಪದ ಇನ್ನೊಬ್ಬರ ಅನ್ನಕ್ಕೆ ಕೈ ಹಾಕುತ್ತಿದೆ.

ಒಂದು ಪದಕ್ಕೆ ಇಷ್ಟು ರಂಪ ಯಾಕೆ ಅಂತೀರಾ? ನೀವೇ ಯೋಚಿಸಿ. ಎರಡು ಗಂಟೆಯಲ್ಲಿ ಕಲಿಯಬಹುದಾದ ಕೆಲಸಕ್ಕೆ ಯಾರು ಎಷ್ಟು ಕೂಲಿ ಕೊಡುತ್ತಾರೆ? ಒಂದು ಕೆಲಸ ಕಲಿಯಲು ಎಷ್ಟು ಕಾಲ ಬೇಕು ಅಂತ ನಾವು ನಂಬುತ್ತೇವೋ ಅದರ ಮೇಲೇ ಅಲ್ಲವೇ ನಾವು ಅದಕ್ಕೆ ಬೆಲೆ ಕಟ್ಟುವುದು? ಡಾಕ್ಟರಿಗೆ ಐದು ನಿಮಿಷಕ್ಕೆ ಸಾವಿರ ರೂಪಾಯಿ ಚಕಾರವೆತ್ತದೆ ಕೊಡುತ್ತೇವೆ. ಅವರು ಎಷ್ಟು ವರ್ಷ ಓದಿದ್ದಾರೆ ಅಂತ ನಮಗೆ ಗೊತ್ತು. ಆಷಾಢ ಏಕಾದಶಿಗೆ ನಮ್ಮ ವಡಾಲದ ವಿಠಲ ಮಂದಿರದ ಸುತ್ತ ಜಾತ್ರೆ ಸೇರುತ್ತದಲ್ಲ, ಅಲ್ಲಿ ಮರದ ಆಟಿಕೆ ಇಟ್ಟುಕೊಂಡವನ ಹತ್ತಿರ ಹತ್ತು ರೂಪಾಯಿಗೆ ಕಾಲು ಗಂಟೆ ಚೌಕಾಸಿ ಮಾಡುತ್ತೇವೆ. “ಇದರಲ್ಲೇನಿದೆ ಮಹಾ, ನಾನೇ ಮಾಡಿದ್ದೀನಿ” ಅಂತ ಒಬ್ಬರು ಅಂದದ್ದನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ. ‘ಕಲಿತೆ’ ಅನ್ನುವ ಪದ ಮಾಡುವ ಅನಾಹುತ ಇದೇ.

ನಾನು ಯಾವ ಅಧಿಕಾರದ ಮೇಲೆ ಮಾತಾಡುತ್ತಿದ್ದೇನೆ ಅಂತ ಕೇಳಬಹುದು. ನನ್ನದು ಮಂಡ್ಯದ ಕಡೆ. ವಡಾಲಕ್ಕೆ ಬಂದು ನಲವತ್ತು ವರ್ಷ ದಾಟಿತು. ನೌಕರಿಯಲ್ಲಿದ್ದಾಗ ಊರಿಗೆ ಹೋಗುವುದೆಂದರೆ ದಾದರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಲ್ಲಿ ಇಳಿದು, ಮೈಸೂರು ಕಡೆಯ ಗಾಡಿ ಹಿಡಿಯುವುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರಿಗೆ ಚನ್ನಪಟ್ಟಣ. ಎಷ್ಟು ವರ್ಷ ಕಿಟಕಿಯಿಂದ ನೋಡಿಕೊಂಡೇ ಹೋಗಿದ್ದೆ! ನಿವೃತ್ತಿಯಾದ ಮೇಲೆ ಮೂರು ವರ್ಷ, ಪ್ರತಿ ಸಲ ಊರಿಗೆ ಹೋಗುವಾಗ ಅಲ್ಲಿ ಇಳಿದು ಎರಡೆರಡು ವಾರ ಒಬ್ಬರ ಲೇತಿನ ಪಕ್ಕ ಕೂತೆ. ನಮ್ಮ ಗುರುಗಳು ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ನಾನು ಅವರನ್ನು ಭಾಯ್ ಅನ್ನುತ್ತೇನೆ, ಅವರು ನನ್ನನ್ನು ಸಾರ್ ಅನ್ನುತ್ತಾರೆ. ಶಿಷ್ಯನನ್ನು ಸಾರ್ ಅನ್ನಬೇಡಿ ಅಂದರೂ ಬಿಡಲಿಲ್ಲ.

ಮೂರು ವರ್ಷ ಸೇರಿ ಆರು ವಾರವಾಯಿತು. ಕಲಿತೆನಾ? ಇಲ್ಲ ಸ್ವಾಮಿ. ಕಲಿಯಲು ಎಷ್ಟಿದೆ ಅನ್ನುವುದು ತಿಳಿಯಿತು, ಅಷ್ಟೆ.

ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ತಾಳ್ಮೆಯಿಂದ ಓದಿ.

ಮೊದಲು ಮರ. ಚನ್ನಪಟ್ಟಣದವರು ತಲೆತಲಾಂತರದಿಂದ ಬಳಸಿಕೊಂಡು ಬಂದದ್ದು ಆಲೆ ಮರ, ಕೆಲವು ಕಡೆ ಹಾಲೆ ಮರ ಅಂತಲೂ ಅನ್ನುತ್ತಾರೆ. ಬಿಳಿ, ನುಣುಪು, ಮೃದು. ಕಡಿದ ತಕ್ಷಣ ಕಡೆಯಲು ಬರುವುದಿಲ್ಲ, ತಿಂಗಳುಗಟ್ಟಲೆ ಒಣಗಬೇಕು. ಹಸಿ ಉಳಿದರೆ ಆಮೇಲೆ ಬಿರುಕು ಬಿಡುತ್ತದೆ. ಒಣಗಿದೆಯೋ ಇಲ್ಲವೋ ಅಂತ ಗುರುಗಳು ತುಂಡನ್ನು ಕೈಯಲ್ಲಿ ತೂಗಿ, ಬೆರಳಲ್ಲಿ ತಟ್ಟಿ ಹೇಳುತ್ತಾರೆ. ನನಗೆ ಎರಡು ತುಂಡಿನ ಸದ್ದೂ ಒಂದೇ ಥರ ಕೇಳುತ್ತಿತ್ತು.

ಆಮೇಲೆ ಕಡೆಯುವುದು. ತುಂಡನ್ನು ಲೇತಿನ ಬಾಯಿಗೆ ಬಡಿದು ಕೂರಿಸಿ, ತಿರುಗುವಾಗ ಉಳಿ ಹಿಡಿಯಬೇಕು. ಹಿಂದೆ ಕೈಯಲ್ಲಿ ಕಮಾನಿನ ಹಗ್ಗ ಎಳೆದು ತಿರುಗಿಸುತ್ತಿದ್ದರು, ಈಗ ಹೆಚ್ಚಾಗಿ ಕರೆಂಟಿನ ಮೋಟಾರು. ಉಳಿಯ ಕೋನ ಕೂದಲೆಳೆಯಷ್ಟು ತಪ್ಪಿದರೂ ಮರ ಕಚ್ಚಿಕೊಂಡು ಎಗರುತ್ತದೆ. ಒಂದು ಮಣಿ ಯಾರಾದರೂ ಮಾಡಿಯಾರು. ಅದೇ ಅಳತೆಯ ಹನ್ನೆರಡು ಡಜನ್ ಮಣಿ ಮಾಡಿ ನೋಡಿ! ಅಳತೆಗೋಲು ಪಕ್ಕದಲ್ಲೇ ಇರುತ್ತದೆ, ಆದರೆ ಗುರುಗಳು ಹತ್ತರಲ್ಲಿ ಒಂದಕ್ಕೂ ಅದನ್ನು ಮುಟ್ಟುವುದಿಲ್ಲ. ಮೊದಲ ವರ್ಷದ ಎರಡು ವಾರವೂ ನನಗೆ ಇದೇ ಕೆಲಸ. ಅರಗಿನ ಕಡ್ಡಿ ಮುಟ್ಟಲು ಬಿಡಲಿಲ್ಲ. “ಮರ ಸರಿಯಾಗದೆ ಬಣ್ಣ ಹಚ್ಚುದ್ರೆ ಏನ್ ಬಂತು ಸಾರ್, ಕುಂಟು ಕುದುರೆಗೆ ಜರಿ ಹೊದಿಸ್ದಂಗೆ” ಅಂದರು. ಎರಡು ಗಂಟೆಯ ಶಿಬಿರದಲ್ಲಿ ನಿಮ್ಮ ಕೈಗೆ ಕೊಡುವುದು ಗುರುಗಳೋ ಅವರ ಮಗನೋ ಮೊದಲೇ ಕಡೆದು ನಯ ಮಾಡಿಟ್ಟ ತುಂಡು. ಕಷ್ಟದ ಭಾಗವೆಲ್ಲ ನೀವು ಬರುವ ಮೊದಲೇ ಮುಗಿದಿರುತ್ತದೆ.

ಈಗ ಅರಗು. ನಮ್ಮ ಮುಂಬಯಿಯ ಹಳೆಯ ತಲೆಗಳಿಗೆ ಅರಗು ಅಂದರೆ ಊರಿಂದ ಬರುತ್ತಿದ್ದ ಇನ್ಶೂರ್ಡ್ ಪಾರ್ಸೆಲ್ ನೆನಪಾಗಬೇಕು. ಬಟ್ಟೆ ಹೊಲಿದು, ಗಂಟಿನ ಮೇಲೆ ಕೆಂಪಗೆ ಅರಗು ಒತ್ತಿ ಮುದ್ರೆ ಹಾಕಿರುತ್ತಿದ್ದರು. ಮಕ್ಕಳಿಗಾದರೆ ಪಾಂಡವರ ಅರಗಿನ ಅರಮನೆ. ಅದೇ ಅರಗು. ಮುತ್ತುಗ, ಬೋರೆ ಇಂಥ ಮರಗಳ ರೆಂಬೆಯ ಮೇಲೆ ಒಂದು ಸಣ್ಣ ಹುಳ ಸ್ರವಿಸುವ ಅಂಟು. ನಮ್ಮ ದೇಶದಲ್ಲಿ ಹೆಚ್ಚು ಬೆಳೆಯುವುದು ಜಾರ್ಖಂಡಿನ ಕಡೆ. ಅದನ್ನು ಕೆಂಡದ ಮೇಲೆ ಮೆದು ಮಾಡಿ, ಬಣ್ಣ ಬೆರೆಸಿ, ಎಳೆದೆಳೆದು ನಾದಿ ಕಡ್ಡಿ ಮಾಡುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಕರಗಿ ಮರಕ್ಕೆ ಹತ್ತುತ್ತದೆ. ಬ್ರಷ್ ಇಲ್ಲ, ಟರ್ಪೆಂಟೈನ್ ಇಲ್ಲ, ಒಣಗಲು ಕಾಯುವುದಿಲ್ಲ. ಮೆಲ್ಲಗೆ ಒತ್ತಿದರೆ ಕರಗುವುದೇ ಇಲ್ಲ. ಜೋರಾಗಿ ಒತ್ತಿದರೆ ಗಂಟು ಗಂಟು. ಆಮೇಲೆ ತಾಳೆ ಗರಿಯ ತುಂಡು ಒತ್ತಿ ಹಿಡಿದು ಅರಗನ್ನು ಸಮನಾಗಿ ಹರಡಬೇಕು. ಆ ಹೊಳಪು ಬರುವುದು ಗರಿಯಿಂದ. ಕೆಂಪು ಮುಗಿದು ಹಳದಿ ಶುರುವಾಗುವ ಗೆರೆ ದಾರ ಎಳೆದ ಹಾಗೆ ನೇರವಾಗಿರಬೇಕು. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಳ್ಳಲು ಹತ್ತು ನಿಮಿಷ ಸಾಕು. ಕೈಗೆ ಇಳಿಯಲು? “ತಲೆಗೆ ಹತ್ತುದ್ರೆ ಸಾಲ್ದು ಸಾರ್, ಕೈಗೆ ಹತ್ಬೇಕು” ಅಂತ ಗುರುಗಳು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು.

ಪರೀಕ್ಷೆಗೆ ಬುಗುರಿ ಇದೆ. ಕಡೆದದ್ದು ಒಂದು ಕಡೆ ಭಾರವಾಗಿದ್ದರೆ ನೆಲಕ್ಕೆ ಬಿಟ್ಟ ತಕ್ಷಣ ಓಲಾಡುತ್ತದೆ. ಸರ್ಟಿಫಿಕೇಟು ತೋರಿಸಿದರೆ ನಿಲ್ಲುವುದಿಲ್ಲ. ಮೂರನೇ ವರ್ಷದ ಕೊನೆಗೆ ನನ್ನದೊಂದು ಬುಗುರಿ ಕದಲದೆ ನಿಂತು ತಿರುಗಿತು. ಗುರುಗಳು ಆ ದಿನ ಮಾಡಿದ್ದು ಇನ್ನೂರಕ್ಕೆ ಮೇಲೆ, ಎಲ್ಲವೂ ತಿರುಗಿದವು.

ಈಗ ದುಡ್ಡಿನ ವಿಷಯ. ಒಂದು ಪ್ರವಾಸಿ ಶಿಬಿರದಲ್ಲಿ ತಲೆಗೆ ಸಾವಿರದೆಂಟುನೂರು ರೂಪಾಯಿ ತೆಗೆದುಕೊಂಡಿದ್ದರು. ಅವತ್ತು ಹನ್ನೆರಡು ಜನ ಇದ್ದರು. ಲೆಕ್ಕ ನೀವೇ ಹಾಕಿ. ಕಲಿಸಿದವರಿಗೆ ಎಷ್ಟು ಕೊಟ್ಟರು ಅಂತ ವಿಚಾರಿಸಿದೆ. ಎಂಟುನೂರು! ಒಬ್ಬ ಪ್ರವಾಸಿ ಕೊಟ್ಟದ್ದರ ಅರ್ಧವೂ ಇಲ್ಲ. ಅವರು ಅವತ್ತು ಅರ್ಧ ದಿನ ತಮ್ಮ ಲೇತ್ ನಿಲ್ಲಿಸಿದ್ದರು. ಅವರದು ತುಂಡಿನ ಲೆಕ್ಕದ ಕೂಲಿ. ಲೇತ್ ನಿಂತರೆ ಸಂಪಾದನೆ ನಿಂತಿತು. ಇನ್ನು ಅವರ ಮಗ ಲೇತ್ ಮುಂದೆ ಕೂರದೆ ಬಿಡದಿಯ ಕಾರ್ಖಾನೆಗೆ ಹೋಗುತ್ತಾನೆ ಅಂದರೆ ಆಶ್ಚರ್ಯ ಏನಿದೆ?

ಇಲ್ಲೊಂದು ಹೋಲಿಕೆ ಹೇಳಲೇಬೇಕು. ನಮ್ಮ ವಡಾಲ-ಮಾಟುಂಗಾದಲ್ಲಿ ಮಕ್ಕಳನ್ನು ತಬಲಾ, ಸಂಗೀತ, ಭರತನಾಟ್ಯಕ್ಕೆ ಹಾಕದ ಮನೆ ಇದೆಯೇ? ತಿಂಗಳು ತಿಂಗಳು ಫೀಸು ಕಟ್ಟುತ್ತೇವೆ, ಗುರುಪೂರ್ಣಿಮೆಗೆ ಫಲತಾಂಬೂಲ ಇಟ್ಟು ಕಾಲಿಗೆ ಬೀಳಿಸುತ್ತೇವೆ. ಐದು ವರ್ಷ ಕಲಿತ ಮೇಲೂ “ಈಗಷ್ಟೇ ಸ್ವಲ್ಪ ಸ್ವಲ್ಪ ಬಾರಿಸ್ತಾನೆ” ಅಂತ ವಿನಯದಿಂದ ಹೇಳುತ್ತೇವೆ. ಎರಡು ಗಂಟೆಯಲ್ಲಿ ತಬಲಾ ಕಲಿತೆ ಅಂದವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಹಾಗಾದರೆ ಲೇತ್ ಮುಂದೆ ಕೂತವರ ವಿದ್ಯೆ ಮಾತ್ರ ಯಾಕೆ ಅಗ್ಗ? ಅವರು ಲುಂಗಿ ಉಟ್ಟಿರುತ್ತಾರೆ, ಮೈಮೇಲೆ ಮರದ ಹೊಟ್ಟು ಇರುತ್ತದೆ ಅಂತಲಾ? ಕಚ್ಚಿದರೆ ಕಚ್ಚಲಿ, ಇದು ಕೇಳಲೇಬೇಕಾದ ಪ್ರಶ್ನೆ.

ಹಾಗಂತ ಪರಊರಿನವರು ಬಂದು ಕಲಿಯಲೇಬಾರದು ಅನ್ನುವ ಪೈಕಿ ನಾನಲ್ಲ. ಚನ್ನಪಟ್ಟಣದ ವಿದ್ಯೆಯೇ ಪ್ರಯಾಣ ಮಾಡಿ ಬಂದದ್ದು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಅನ್ನುವುದು ಪ್ರತೀತಿ. ಕಳೆದ ಶತಮಾನದ ಮೊದಲಲ್ಲಿ ಬಾವಾಸ್ ಮಿಯಾನ್ ಜಪಾನಿಗೆ ಹೋಗಿ ಅಲ್ಲಿನ ವಿಧಾನ ಕಲಿತು ಬಂದರು ಅಂತ ಊರಿನವರು ಹೇಳುತ್ತಾರೆ. ಅವರನ್ನು ಚನ್ನಪಟ್ಟಣ ಗೊಂಬೆಗಳ ಪಿತಾಮಹ ಅಂತಲೇ ಕರೆಯುತ್ತಾರೆ. ಜಪಾನಿನ ಕೊಕೆಶಿ ಮರದ ಗೊಂಬೆಗಳನ್ನು ನೋಡಿದವರಿಗೆ ನಮ್ಮ ಗುಂಡು ತಲೆಯ ಗೊಂಬೆಗಳ ನೆನಪಾಗದೆ ಇರದು. ಆದರೆ ವ್ಯತ್ಯಾಸ ನೋಡಿ. ಬಾವಾಸ್ ಮಿಯಾನ್ ಕಲಿತದ್ದನ್ನು ಊರಿನ ಕೆಲಸಗಾರರಿಗೆ ಹೇಳಿಕೊಟ್ಟರು, ಅದರಿಂದ ಊರಿಗೇ ಹೊಟ್ಟೆಪಾಡಾಯಿತು. ನಮ್ಮ ಶಿಬಿರದವರು ತರುವುದು ಒಂದು ಕೀ ಚೈನ್ ಮತ್ತು ಫೋಟೋ.

ಜಪಾನಿನ ಅರಗು ನಮ್ಮ ಅರಗಲ್ಲ, ಅದೂ ತಿಳಿದಿರಲಿ. ಅವರ ಉರುಶಿ ಒಂದು ಮರದ ಹಾಲು, ಹುಳದ ಅಂಟಲ್ಲ. ಅದು ಗಟ್ಟಿಯಾಗಲು ಬಿಸಿಲು ಬೇಡ, ತೇವದ ಗಾಳಿ ಬೇಕು. ವಜಿಮಾ ಅನ್ನುವ ಊರಿನಲ್ಲಿ ಒಂದು ಬಟ್ಟಲಿಗೆ ನೂರಕ್ಕೂ ಹೆಚ್ಚು ಹಂತದ ಕೆಲಸ. ಗುರುವಿನ ಹತ್ತಿರ ವರ್ಷಗಟ್ಟಲೆ ಕೂತ ಮೇಲೆಯೇ ಕೆಲಸಗಾರ ಅನ್ನಿಸಿಕೊಳ್ಳುವುದು. 2024ರ ಜನವರಿ 1ರಂದು ಅಲ್ಲಿ ಭೂಕಂಪವಾಯಿತು, ಬೆಂಕಿ ಬಿತ್ತು, ಎಷ್ಟೋ ಕಾರ್ಯಾಗಾರಗಳು ಹೋದವು. ಕಟ್ಟಡ ಮತ್ತೆ ಕಟ್ಟಬಹುದು, ಉಪಕರಣ ಮತ್ತೆ ತರಬಹುದು. ಕೈ ಉಳಿದಿತ್ತು, ಹಾಗಾಗಿ ಕೆಲಸ ಮತ್ತೆ ಶುರುವಾಗಲು ಸಾಧ್ಯವಾಯಿತು. ನಮ್ಮಲ್ಲಿ ಭೂಕಂಪವೂ ಬೇಕಿಲ್ಲ, ಕೈಗಳೇ ಒಂದೊಂದಾಗಿ ಎದ್ದು ಹೋಗುತ್ತಿವೆ.

ಅಷ್ಟು ದೂರ ಬೇಡ ಅಂದರೆ ನಮ್ಮ ಕರಾವಳಿಯ ಗೆಳೆಯರು ಕೊಂಕಣ ರೈಲ್ವೆಯಲ್ಲಿ ಊರಿಗೆ ಹೋಗುವಾಗ ದಾಟುವ ಸಾವಂತವಾಡಿ ಇದೆ. ಅಲ್ಲಿನ ಗಂಜೀಫಾ ಎಲೆಗಳು, ಅರಗು ಬಣ್ಣದ ಕೆಲಸ ಎಲ್ಲ ಇನ್ನೇನು ಮುಗಿಯಿತು ಅನ್ನುವಾಗ, 1970ರ ದಶಕದಲ್ಲಿ ಅಲ್ಲಿನ ರಾಜಮನೆತನದ ಶಿವರಾಮರಾಜೆ ಭೋಸಲೆ ಮತ್ತು ಸತ್ವಶೀಲಾದೇವಿ ಉಳಿದಿದ್ದ ವಯಸ್ಸಾದ ಚಿತ್ರಕಾರರಿಂದ ತಾವೇ ಕೂತು ಕಲಿತು, ಅರಮನೆಯಲ್ಲೇ ಕಾರ್ಯಾಗಾರ ನಡೆಸಿ ಇತರರಿಗೆ ಕೆಲಸ ಕೊಟ್ಟರು. ಇವತ್ತಿಗೂ ಅರಮನೆಗೆ ಹೋದರೆ ಆ ಎಲೆಗಳು ನೋಡಲು ಸಿಗುತ್ತವೆ. ಕಲಿಯುವುದು ಅಂದರೆ ಹೀಗೆ. ಕಲಿತವರ ಮೇಲೆ ಒಂದು ಹೊಣೆ ಬೀಳುತ್ತದೆ.

ನನಗೆ ಎದುರು ಹೇಳುವವರೂ ಇದ್ದಾರೆ. “ಎರಡು ಗಂಟೆ ಕೂತರೆ ಆಸಕ್ತಿಯಾದರೂ ಹುಟ್ಟುತ್ತದಲ್ಲ ಮಾರಾಯ್ರೇ” ಅಂತ ನನ್ನ ಉಡುಪಿಯ ಗೆಳೆಯರ ವಾದ. ಹುಟ್ಟಲಿ, ಸಂತೋಷ. ಆದರೆ ಹುಟ್ಟಿದ ಆಸಕ್ತಿಯನ್ನು ಅದೇ ದಿನ ಸಂಜೆ ಸರ್ಟಿಫಿಕೇಟು ಕೊಟ್ಟು ಮುಗಿಸಿಬಿಡುತ್ತಾರಲ್ಲ! ಕಲಿತಾಯಿತು ಅಂದವನು ಮತ್ತೆ ಯಾಕೆ ಹೋಗುತ್ತಾನೆ? “ಇನ್ನೂ ಕಲಿತಿಲ್ಲ” ಅಂದುಕೊಂಡವನು ಮಾತ್ರ ಮರುವರ್ಷ ಅದೇ ಬಾಗಿಲು ತಟ್ಟುತ್ತಾನೆ.

ಇನ್ನೊಬ್ಬರು, “ಸರ್ಕಾರ ಜಿಐ ಕೊಟ್ಟಿದೆ, ಪ್ರಧಾನಿಯೇ ಹೊಗಳಿದ್ದಾರೆ, ಕಲೆಗೇನೂ ತೊಂದರೆಯಿಲ್ಲ” ಅಂದರು. ಹೌದು, 2005-06ರ ಸುಮಾರಿಗೆ ಜಿಐ ಬಂತು. 2020ರ ಆಗಸ್ಟಿನ ಮನ್ ಕಿ ಬಾತ್‌ನಲ್ಲಿ ಚನ್ನಪಟ್ಟಣದ ಹೆಸರು ಬಂತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಗುರುತು ಕಡ್ಡಾಯ ಮಾಡಿದಾಗ ಜಿಐ ಇರುವ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳಿಗೂ ವಿನಾಯಿತಿ ಸಿಕ್ಕಿತು. ಇವೆಲ್ಲ ಒಳ್ಳೆಯದೇ. ಆದರೆ ಜಿಐ ಕಾಪಾಡುವುದು ಹೆಸರನ್ನು. ಆ ಹೆಸರಿನಲ್ಲಿ ಮರ ಕಡೆಯುವವನು ಮುಂದೆ ಇಲ್ಲದೆ ಹೋದರೆ ಹೆಸರಿಟ್ಟುಕೊಂಡು ಏನು ಉಪ್ಪಿನಕಾಯಿ ಹಾಕೋಣವೇ? ಅಲ್ಲದೆ 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳು ಊರ ಹೊರಗಿಂದಲೇ ಸುಂಯ್ ಅಂತ ಹೋಗುತ್ತವೆ. ಹಳೆಯ ರಸ್ತೆ ಬದಿಯ ಗೊಂಬೆ ಅಂಗಡಿಗಳ ವ್ಯಾಪಾರ ಬಿದ್ದಿತು ಅಂತ ಪತ್ರಿಕೆಗಳೆಲ್ಲ ಬರೆದವು. ನಾವು ಮುಂಬಯಿಯಿಂದ ವಿಮಾನದಲ್ಲಿ ಇಳಿದು ಟ್ಯಾಕ್ಸಿ ಹಿಡಿಯುವವರೂ ಅದೇ ಹೆದ್ದಾರಿಯವರು ತಾನೇ?

ಕೊನೆಗೆ ನಮ್ಮ ಸಂಘಗಳ ವಿಷಯ. ಮುಂಬಯಿ ಕನ್ನಡಿಗರಿಗೆ ಜಾಗಕ್ಕೆ ಬರವಿಲ್ಲ. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ ಕಟ್ಟಿದ ಶಾಲೆ ಇದೆ. ಮಾಟುಂಗಾದಲ್ಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ. ಇನ್ನೂ ಎಷ್ಟೋ ಸಂಘ, ಎಷ್ಟೋ ಸಭಾಂಗಣ. ನಾಲ್ಕು ವರ್ಷದ ಹಿಂದೆ ಒಂದು ಸಂಘದ ಸಭೆಯಲ್ಲಿ ನಾನು ಒಂದು ಮಾತು ಇಟ್ಟೆ. ಚನ್ನಪಟ್ಟಣದಿಂದ ಒಬ್ಬ ಕೆಲಸಗಾರರನ್ನು ಹದಿನೈದು ದಿನ ಇಲ್ಲಿಗೆ ಕರೆಸೋಣ, ಸಣ್ಣ ಲೇತ್ ಇಡೋಣ, ಮೇ ರಜೆಯಲ್ಲಿ ಮಕ್ಕಳಿಗೆ ಕಲಿಸಲಿ, ಸಂಗೀತದ ಮೇಷ್ಟ್ರಿಗೆ ಗಂಟೆಗೆ ಏನು ಕೊಡುತ್ತೇವೋ ಅಷ್ಟೇ ಕೊಡೋಣ ಅಂದೆ. ಬಂದ ಉತ್ತರ, “ಬಜೆಟ್ ಇಲ್ಲ.” ಅದೇ ಸಭೆಯಲ್ಲಿ ರಾಜ್ಯೋತ್ಸವಕ್ಕೆ ಇಪ್ಪತ್ತೆರಡು ಶಾಲು, ಇಪ್ಪತ್ತೆರಡು ಪೇಟ, ಇಪ್ಪತ್ತೆರಡು ಹಾರ ಪಾಸಾಯಿತು. ಕನ್ನಡ ಸಂಸ್ಕೃತಿ ಉಳಿಸಬೇಕು ಅಂತ ಭಾಷಣವೂ ಆಯಿತು. ಸಂಸ್ಕೃತಿ ಶಾಲಿನಲ್ಲಿ ಉಳಿಯುತ್ತದಾ, ಕೈಯಲ್ಲಾ?

ಇನ್ನೂ ಒಂದು ಮಾತು. ಆ ಲೇತ್ ಮುಂದೆ ಕೂತಾಗ ನನಗೆ ಇದ್ದ ದೊಡ್ಡ ಅನುಕೂಲ ಕನ್ನಡ. ಗುರುಗಳು ಮನೆಯಲ್ಲಿ ಉರ್ದು, ಕೆಲಸದಲ್ಲಿ ಕನ್ನಡ. ಉಳಿ ಹೇಗೆ ಹಿಡಿಯಬೇಕು ಅಂತ ಬೈದರೆ ಅದು ಇಂಗ್ಲಿಷಿನಲ್ಲಿ ಬರುವುದಿಲ್ಲ ಸ್ವಾಮಿ. ಶಿಬಿರಕ್ಕೆ ಬಂದವರಿಗೆ ಮಧ್ಯೆ ಒಬ್ಬ ಗೈಡ್ ಬೇಕು, ಆ ಬೈಗುಳದ ಸತ್ವವೆಲ್ಲ ಅಲ್ಲೇ ಸೋರಿಹೋಗುತ್ತದೆ. ಇವತ್ತಿಗೂ ಕನ್ನಡ ಬಲ್ಲ ಮುಂಬಯಿಯ ಹುಡುಗ ಹುಡುಗಿಯರಿಗೆ ಈ ಬಾಗಿಲು ಸಲೀಸಾಗಿ ತೆರೆಯುತ್ತದೆ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ತೆರೆಯುತ್ತದೋ ಇಲ್ಲವೋ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಹೋಗುವವರು ಹೋಗಿ, ಆದರೆ ದುಡ್ಡು ಕಟ್ಟುವ ಮೊದಲು “ಕಲಿಸುವವರಿಗೆ ಇದರಲ್ಲಿ ಎಷ್ಟು?” ಅಂತ ಜೋರಾಗಿ ಕೇಳಿ. ಉತ್ತರ ಬರದಿದ್ದರೆ ಆ ಶಿಬಿರ ಬಿಟ್ಟು ನೇರವಾಗಿ ಕೆಲಸಗಾರರ ಬಾಗಿಲಿಗೆ ಹೋಗಿ, ಅವರ ಲೇತ್ ನಿಂತ ಅಷ್ಟೂ ಹೊತ್ತಿನ ಸಂಪಾದನೆ ಮತ್ತು ಅದರ ಮೇಲೆ ಗುರುದಕ್ಷಿಣೆ ಕೊಟ್ಟು ಕೂತುಕೊಳ್ಳಿ. ಕೊಳ್ಳುವಾಗ ಚೌಕಾಸಿ ಬಿಡಿ. ಫೋಟೋ ಹಾಕುವುದಾದರೆ ಅವರನ್ನು ಕೇಳಿ, ಒಪ್ಪಿದರೆ ಅವರ ಪೂರ್ತಿ ಮುಖ, ಪೂರ್ತಿ ಹೆಸರು ಹಾಕಿ. ಸಂಘದ ಪದಾಧಿಕಾರಿಗಳು ಯಾರಾದರೂ ಓದುತ್ತಿದ್ದರೆ, ಬರುವ ನವೆಂಬರಿನಲ್ಲಿ ಹತ್ತು ಶಾಲು ಕಡಿಮೆ ಮಾಡಿ, ಮೇ ತಿಂಗಳಿಗೆ ಒಬ್ಬ ಗುರುವನ್ನು ಕರೆಸಿ. ಹದಿನೈದು ದಿನ ಅವರು ಉಳಿದುಕೊಳ್ಳಲು ನಮ್ಮ ಮನೆಯ ಒಂದು ಕೋಣೆ ಕೊಡುತ್ತೇನೆ, ಊಟವೂ ನಮ್ಮದೇ. ಲೇತಿನ ಬಾಡಿಗೆಗೆ ಮೊದಲ ಐದು ಸಾವಿರ ನನ್ನಿಂದ.

ಇನ್ನು ನೀವು ಹೇಳಿ, ಏನಂತೀರಿ?